ಅಗ್ಗದ ಟಿಕೆಟ್ಟಿಗೆ ಪೈಲಟ್‌ಗಳು ತೆರುವ ಬೆಲೆ

ಬೆಂಗಳೂರು: 2025ರ ಡಿಸೆಂಬರ್ ಮೊದಲ ವಾರ ದೇಶದ ವಿಮಾನ ನಿಲ್ದಾಣಗಳು ಹಳೆಯ ಕಾಲದ ಬಸ್ ನಿಲ್ದಾಣಗಳಂತೆ ಕಂಡವು. ನೆಲದ ಮೇಲೆ ಮಲಗಿದ ಪ್ರಯಾಣಿಕರು, ರಾಶಿ ಬಿದ್ದ ಪೆಟ್ಟಿಗೆಗಳು, ಉತ್ತರ ಸಿಗದ ಕೌಂಟರುಗಳು. ಹುಬ್ಬಳ್ಳಿಯ ಆರತಕ್ಷತೆಯೊಂದಕ್ಕೆ ವಧು-ವರರೇ ಬಂದು ತಲುಪಲಾಗದೆ, ನೆರೆದ ಬಂಧುಗಳು ಪರದೆಯ ಮೇಲೆಯೇ ಅವರನ್ನು ಹರಸಬೇಕಾಯಿತು. ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ ಇಂಡಿಗೋ ಸಂಸ್ಥೆಯ 2,507 ಹಾರಾಟಗಳು ರದ್ದಾದವು. 1,852 ಹಾರಾಟಗಳು ತಡವಾದವು. ಮೂರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅತಂತ್ರರಾದರು.

ತಾಂತ್ರಿಕ ದೋಷ, ಹವಾಮಾನ, ಚಳಿಗಾಲದ ವೇಳಾಪಟ್ಟಿಯ ಬದಲಾವಣೆ ಎಂದು ಸಂಸ್ಥೆ ಮೊದಲಿಗೆ ಹಲವು ಕಾರಣಗಳನ್ನು ಮುಂದಿಟ್ಟಿತು. ಪೈಲಟ್‌ಗಳು ಮುಷ್ಕರ ಹೂಡಿರಲಿಲ್ಲ. ಅವರಿಗೆ ಹೆಚ್ಚು ವಿಶ್ರಾಂತಿ ನೀಡಬೇಕೆಂಬ ನಿಯಮ ನವೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತ್ತು. ಆ ವಿಶ್ರಾಂತಿಯನ್ನು ಕೊಟ್ಟರೆ ವಿಮಾನ ಹಾರಿಸಲು ಸಾಕಷ್ಟು ಜನರಿಲ್ಲ ಎಂಬ ಸ್ಥಿತಿ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆಗೆ ಒದಗಿತು.

ಕೊರತೆ ಎಷ್ಟಿತ್ತು ಎಂಬುದನ್ನು ನೋಡಿದರೆ ಅಚ್ಚರಿಯಾಗುತ್ತದೆ. ಆಗ ಬಹಿರಂಗವಾದ ಲೆಕ್ಕದ ಪ್ರಕಾರ ಹೊಸ ನಿಯಮದಡಿ ಇಂಡಿಗೋಗೆ 2,422 ಕಮಾಂಡರ್‌ಗಳು ಬೇಕಾಗಿತ್ತು, ಇದ್ದವರು 2,357. ಅಂದರೆ ಕಡಿಮೆ ಬಿದ್ದವರು 65 ಮಂದಿ. ಸಹ ಪೈಲಟ್‌ಗಳು 2,153 ಬೇಕಿತ್ತು, ಇದ್ದವರು 2,194. ಅಂದರೆ 41 ಮಂದಿ ಹೆಚ್ಚೇ ಇದ್ದರು. ಕೇವಲ 65 ಮಂದಿಯ ಕೊರತೆಗೆ ಸಾವಿರಾರು ಹಾರಾಟಗಳು ಕುಸಿದು ಬೀಳುತ್ತವೆ ಎಂದಾದರೆ, ಉಳಿದವರ ದುಡಿಮೆಯನ್ನು ಎಷ್ಟು ಬಿಗಿಯಾಗಿ ಲೆಕ್ಕ ಹಾಕಲಾಗಿತ್ತು? ಹೊರಗೆ ನೂರಾರು ಯುವಕ-ಯುವತಿಯರು ಪರವಾನಗಿ ಹಿಡಿದು ಕೆಲಸಕ್ಕೆ ಕಾಯುತ್ತಿರುವಾಗ ಒಳಗೆ ಈ ಕೊರತೆ ಹೇಗೆ ಬಂತು? ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ಅಗ್ಗದ ದರದ ವಿಮಾನಯಾನದ ಪೈಲಟ್ ಬದುಕಿನ ಪೂರ್ಣ ಚಿತ್ರವಿದೆ.

ನಿಂತ ವಿಮಾನ ನಷ್ಟದ ಬಾಬತ್ತು

ಅಗ್ಗದ ದರದ ವಿಮಾನಯಾನ ಭಾರತದಲ್ಲಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿ, ಒಂದು ರೂಪಾಯಿಯ ಟಿಕೆಟ್ ಮಾರಿ ದೇಶವನ್ನು ಬೆರಗುಗೊಳಿಸಿದರು. 2005ರಲ್ಲಿ ಸ್ಪೈಸ್‌ಜೆಟ್ ಮತ್ತು ಗೋಏರ್, 2006ರಲ್ಲಿ ಇಂಡಿಗೋ ಅದೇ ಹಾದಿ ಹಿಡಿದವು. ಮಧ್ಯಮ ವರ್ಗಕ್ಕೆ ಆಕಾಶ ತೆರೆಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಟಿಕೆಟ್ ಅಗ್ಗವಾಗುವುದು ಹೇಗೆ? ಇಂಧನದ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ನಿಲ್ದಾಣದ ಶುಲ್ಕವೂ ಹಾಗೆಯೇ. ಉಳಿತಾಯಕ್ಕೆ ಉಳಿದಿರುವುದು ಸಮಯ ಮಾತ್ರ. ಒಂದೇ ಮಾದರಿಯ ವಿಮಾನಗಳನ್ನು ಇಟ್ಟುಕೊಂಡು, ಬಂದಿಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಮೇಲೆಬ್ಬಿಸಿ, ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಹಾರಿಸುತ್ತಲೇ ಇರಬೇಕು. ನೆಲದ ಮೇಲೆ ನಿಂತ ವಿಮಾನ ಈ ಲೆಕ್ಕದಲ್ಲಿ ನಷ್ಟದ ಬಾಬತ್ತು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಪೈಲಟ್ ಕೂಡ ನಷ್ಟದ ಬಾಬತ್ತೇ.

ಡಿಸೆಂಬರ್ ಅವಾಂತರದ ತನಿಖೆ ನಡೆಸಿದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2026ರ ಜನವರಿಯಲ್ಲಿ ಇಂಡಿಗೋಗೆ 22.20 ಕೋಟಿ ರೂಪಾಯಿ ದಂಡ ವಿಧಿಸಿತು. ವಿಮಾನ, ಸಿಬ್ಬಂದಿ ಮತ್ತು ಮಾರ್ಗಗಳಿಂದ ಗರಿಷ್ಠ ಲಾಭ ಪಡೆಯುವ ಧಾವಂತದಲ್ಲಿ ವೇಳಾಪಟ್ಟಿಯಲ್ಲಿ ಇರಬೇಕಾದ ಬಿಡುವನ್ನೇ ಸಂಸ್ಥೆ ತೆಗೆದುಹಾಕಿತ್ತು ಎಂಬುದು ತನಿಖೆಯ ಸಾರ. ದೀರ್ಘ ಕರ್ತವ್ಯದ ಅವಧಿಗಳು, ಕೊನೆಯ ಗಳಿಗೆಯ ವಿಮಾನ ಬದಲಾವಣೆ, ಒಂದು ಊರಿನಿಂದ ಇನ್ನೊಂದು ಊರಿಗೆ ಪೈಲಟ್‌ಗಳನ್ನು ಪ್ರಯಾಣಿಕರಂತೆ ಸಾಗಿಸಿ ಅಲ್ಲಿಂದ ಹಾರಿಸುವುದು ಹೆಚ್ಚಾಗಿತ್ತು ಎಂದು ಅದು ಗುರುತಿಸಿತು. ಪೈಲಟ್‌ಗಳು ವರ್ಷಗಳಿಂದ ಹೇಳುತ್ತ ಬಂದಿದ್ದ ಮಾತನ್ನು ಕೊನೆಗೂ ಸರ್ಕಾರಿ ಕಾಗದ ಒಪ್ಪಿಕೊಂಡಿತು.

ರಾತ್ರಿ ಎಂದರೆ ಎಷ್ಟು ಹೊತ್ತಿನವರೆಗೆ?

ಬೆಳಿಗ್ಗೆ 5.30ಕ್ಕೆ ಬೆಂಗಳೂರಿನಿಂದ ಹೊರಡುವ ವಿಮಾನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪೈಲಟ್ ಸುಮಾರು ಒಂದು ಗಂಟೆ ಮೊದಲೇ ಕರ್ತವ್ಯಕ್ಕೆ ಹಾಜರಾಗಬೇಕು. ಜಯನಗರದಲ್ಲಿ ಮನೆ ಇದ್ದರೆ ದೇವನಹಳ್ಳಿ ತಲುಪಲು ಒಂದು ಗಂಟೆಯಾದರೂ ಬೇಕು. ಹೀಗಾಗಿ ಕಾರು ಮನೆ ಬಾಗಿಲಿಗೆ ಬರುವುದು 3.15ರ ಸುಮಾರಿಗೆ, ಏಳಬೇಕಾದದ್ದು 2.30ಕ್ಕೆ. ಅಲ್ಲಿಂದ ನಾಲ್ಕು ಬಾರಿ ಏರಿ, ನಾಲ್ಕು ಬಾರಿ ಇಳಿದು, ಮಧ್ಯಾಹ್ನದ ಹೊತ್ತಿಗೆ ಯಾವುದೋ ಊರಿನ ಹೋಟೆಲಿನ ಕೋಣೆ ಸೇರಿ, ಪರದೆ ಎಳೆದು ಮಲಗುವ ಪ್ರಯತ್ನ. ಎರಡು ದಿನ ಹೀಗೆ ಕಳೆದ ಮೇಲೆ ಮೂರನೆಯ ದಿನ ಸಂಜೆಯ ಪಾಳಿ ಬಂದರೆ ದೇಹದ ಗಡಿಯಾರ ಮತ್ತೆ ತಿರುವು ಮುರುವು.

ಹೊಸ ನಿಯಮ ಕೈ ಹಾಕಿದ್ದು ಇಲ್ಲಿಗೇ. 2024ರ ಜನವರಿಯಲ್ಲಿ ಡಿಜಿಸಿಎ ಹೊರಡಿಸಿದ ಪರಿಷ್ಕೃತ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು. 'ರಾತ್ರಿ' ಎಂಬುದರ ವ್ಯಾಖ್ಯೆ ನಡುರಾತ್ರಿಯಿಂದ ಬೆಳಗಿನ 5ರವರೆಗೆ ಇದ್ದದ್ದು 6ರವರೆಗೆ ವಿಸ್ತರಿಸಿತು. ರಾತ್ರಿಯ ಪಾಳಿಯಲ್ಲಿ 6 ಬಾರಿಯವರೆಗೆ ಅವಕಾಶವಿದ್ದ ಲ್ಯಾಂಡಿಂಗ್ ಅನ್ನು 2ಕ್ಕೆ ಇಳಿಸಿತು. ಸತತ ಎರಡು ರಾತ್ರಿಗಳಿಗಿಂತ ಹೆಚ್ಚು ದುಡಿಸುವಂತಿಲ್ಲ ಎಂದಿತು. ಒಂದು ಗಂಟೆಯ ವ್ಯಾಖ್ಯೆ ಬದಲಾದರೆ ಏನಾಯಿತು ಎಂದು ಕೇಳಬಹುದು. ಮೇಲಿನ ಉದಾಹರಣೆಯ ವಿಮಾನ ಹೊರಡುವ 5.30ರ ಹೊತ್ತು ಹಳೆಯ ಲೆಕ್ಕದಲ್ಲಿ ಹಗಲು, ಹೊಸ ಲೆಕ್ಕದಲ್ಲಿ ರಾತ್ರಿ. ಮುಂಜಾನೆಯ ಹಾರಾಟಗಳನ್ನೇ ನೆಚ್ಚಿದ ಸಂಸ್ಥೆಗೆ ಇದು ಸಣ್ಣ ಬದಲಾವಣೆಯಲ್ಲ.

ಈ ನಿಯಮ 2024ರ ಜೂನ್ 1ರಿಂದಲೇ ಜಾರಿಯಾಗಬೇಕಿತ್ತು. ವಿಮಾನಯಾನ ಸಂಸ್ಥೆಗಳ ಆಕ್ಷೇಪದಿಂದ ಮುಂದಕ್ಕೆ ಹೋಯಿತು. ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಬಳಿಕ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂತು. ನಿಯಮ ಪ್ರಕಟವಾದ ದಿನದಿಂದ ಲೆಕ್ಕ ಹಾಕಿದರೆ ಸಂಸ್ಥೆಗಳಿಗೆ ಸಿದ್ಧತೆಗೆ 22 ತಿಂಗಳು ಸಿಕ್ಕಿತ್ತು. ಈ ಅವಧಿಯಲ್ಲಿ ಇಂಡಿಗೋ ನೇಮಕಾತಿಗೆ ತಡೆ ಹಾಕಿತ್ತು, ಉದ್ದೇಶಪೂರ್ವಕವಾಗಿಯೇ ಕಡಿಮೆ ಸಿಬ್ಬಂದಿಯ ನೀತಿ ಅನುಸರಿಸಿತ್ತು ಎಂದು ಭಾರತೀಯ ಪೈಲಟ್‌ಗಳ ಒಕ್ಕೂಟ (ಎಫ್‌ಐಪಿ) ಆರೋಪಿಸಿತು.

ಬಿಕ್ಕಟ್ಟು ಬಂದಾಗ ಸರ್ಕಾರ ಮಾಡಿದ್ದೇನು? ಡಿಸೆಂಬರ್ 5ರಂದು ರಾತ್ರಿ ಹಾರಾಟದ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ನೀಡಿತು. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂಬ ಸೂಚನೆಯನ್ನು ಎಲ್ಲ ಸಂಸ್ಥೆಗಳಿಗೂ ಅನ್ವಯವಾಗುವಂತೆ ಹಿಂದಕ್ಕೆ ಪಡೆಯಿತು. ಸಿಕ್ಕಿಬಿದ್ದ ಪ್ರಯಾಣಿಕರನ್ನು ಊರು ಸೇರಿಸುವ ತುರ್ತು ಇತ್ತು ಎಂಬುದು ನಿಜ. ಸಂಸ್ಥೆಯ ಚಳಿಗಾಲದ ಹಾರಾಟಗಳಲ್ಲಿ ಶೇ 10ರಷ್ಟನ್ನು ಕಡಿತಗೊಳಿಸಿದ್ದೂ ನಿಜ. ಆದರೂ ಯೋಜನೆಯಲ್ಲಿ ಎಡವಿದ್ದು ಆಡಳಿತ ಮಂಡಳಿ, ವಿಶ್ರಾಂತಿ ಬಿಟ್ಟುಕೊಟ್ಟಿದ್ದು ಪೈಲಟ್‌ಗಳು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ಮಂಗಳೂರು ಮರೆಯಬಾರದ ಪಾಠ

ನಿದ್ದೆಯ ಪ್ರಶ್ನೆಯನ್ನು ಕೇವಲ ಕಾರ್ಮಿಕರ ಬೇಡಿಕೆಯೆಂದು ನೋಡಲು ಕರ್ನಾಟಕಕ್ಕಂತೂ ಸಾಧ್ಯವಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ 6ರ ಸುಮಾರಿಗೆ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಅದು ಸಹ ಅಗ್ಗದ ದರದ ಸಂಸ್ಥೆಯ ರಾತ್ರಿ ಹಾರಾಟವೇ.

ಸರಿಯಾದ ಎತ್ತರ ಮತ್ತು ವೇಗದಲ್ಲಿ ಇಲ್ಲದಿದ್ದರೂ, ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದರೂ ಕಮಾಂಡರ್ ಲ್ಯಾಂಡಿಂಗ್ ಕೈಬಿಡಲಿಲ್ಲ ಎಂಬುದು ತನಿಖಾ ನ್ಯಾಯಾಲಯ ಕಂಡುಕೊಂಡ ನೇರ ಕಾರಣ. ಕಾಕ್‌ಪಿಟ್ ಧ್ವನಿಮುದ್ರಣ ಇನ್ನೊಂದು ಸಂಗತಿಯನ್ನೂ ಬಯಲು ಮಾಡಿತು. ಹಾರಾಟದ ನಡುವೆ ಕಮಾಂಡರ್ ಸುಮಾರು 1 ಗಂಟೆ 40 ನಿಮಿಷ ನಿದ್ರಿಸಿದ್ದರು. ಗಾಢ ನಿದ್ದೆಯಿಂದ ಎದ್ದ ಮಂಪರು ಅವರ ನಿರ್ಧಾರ ಶಕ್ತಿಯನ್ನು ಕುಂದಿಸಿರಬಹುದು ಎಂದು ವರದಿ ಹೇಳಿತು. ದುರಂತದ ಹೊಣೆಯನ್ನು ವೇಳಾಪಟ್ಟಿಯೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ ಬೆಳಗಿನ ಜಾವದ ಹೊತ್ತಿನಲ್ಲಿ ಅನುಭವಿ ಪೈಲಟ್‌ನ ದೇಹವೂ ಮಾತು ಕೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

ಸಂಬಳದ ಲೆಕ್ಕಾಚಾರ

ಪೈಲಟ್‌ಗಳ ಸಂಬಳ ದೊಡ್ಡದು, ಅವರ ಅಳಲು ಕೇಳಬೇಕಾದ್ದೇನು ಎಂಬ ಮಾತು ಸಾಮಾನ್ಯ. ಕಮಾಂಡರ್ ತಿಂಗಳಿಗೆ ಹಲವು ಲಕ್ಷ ರೂಪಾಯಿ ಗಳಿಸುವುದು ಸುಳ್ಳಲ್ಲ. ಆದರೆ ಆ ಮೊತ್ತದ ಒಂದು ಭಾಗ ಮಾತ್ರ ಖಾತರಿ. ನಿಗದಿತ ಗಂಟೆಗಳಿಗೆ ನಿಶ್ಚಿತ ವೇತನ, ಅದನ್ನು ಮೀರಿದ ಪ್ರತಿ ಗಂಟೆಗೆ ಹಾರಾಟ ಭತ್ಯೆ ಎಂಬುದು ಸಾಮಾನ್ಯ ಪದ್ಧತಿ. ಗಂಟೆ ಎಂದರೆ ವಿಮಾನ ನಿಂತ ಜಾಗದಿಂದ ಕದಲಿ ಮತ್ತೊಂದು ಊರಿನಲ್ಲಿ ನಿಲ್ಲುವವರೆಗಿನ ಅವಧಿ. ನಿಲ್ದಾಣಕ್ಕೆ ಹೋಗಿ ಬರುವ, ಎರಡು ಹಾರಾಟಗಳ ನಡುವೆ ಕಾಯುವ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ದಣಿವಾಗಿದೆ ಎಂದು ಹಾರಾಟದಿಂದ ಹಿಂದೆ ಸರಿಯುವ ಪೈಲಟ್ ತನ್ನ ಆದಾಯಕ್ಕೆ ತಾನೇ ಕತ್ತರಿ ಹಾಕಿಕೊಂಡಂತೆ.

ಖಾತರಿ ಗಂಟೆಗಳನ್ನು ಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದು 2024ರ ಏಪ್ರಿಲ್‌ನಲ್ಲಿ ಕಂಡಿತು. ಅಗ್ಗದ ದರದ್ದಲ್ಲದ ವಿಸ್ತಾರ ಸಂಸ್ಥೆಯೇ ಹೊಸ ಒಪ್ಪಂದದಲ್ಲಿ ಖಾತರಿ ಅವಧಿಯನ್ನು 70 ಗಂಟೆಯಿಂದ 40ಕ್ಕೆ ಇಳಿಸಿದಾಗ ಪೈಲಟ್‌ಗಳು ಸಾಲುಸಾಲಾಗಿ ಅನಾರೋಗ್ಯದ ರಜೆ ಹಾಕಿದರು, ಹಾರಾಟಗಳು ರದ್ದಾದವು. ಕೋವಿಡ್ ಕಾಲದಲ್ಲಿ ಇಂಡಿಗೋ ಪೈಲಟ್‌ಗಳ ಸಂಬಳವನ್ನು ಗಣನೀಯವಾಗಿ ಕಡಿತಗೊಳಿಸಿತು. 2022ರ ಏಪ್ರಿಲ್‌ನಲ್ಲಿ ಅದರ ವಿರುದ್ಧ ಮುಷ್ಕರಕ್ಕೆ ಸಿದ್ಧತೆ ನಡೆಸಿದ್ದ ಕೆಲವರನ್ನು ಅಮಾನತುಗೊಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಪೈಸ್‌ಜೆಟ್ ಸುಮಾರು 80 ಪೈಲಟ್‌ಗಳನ್ನು ಮೂರು ತಿಂಗಳು ಸಂಬಳವಿಲ್ಲದ ರಜೆಯ ಮೇಲೆ ಮನೆಗೆ ಕಳುಹಿಸಿತು.

ಅತೃಪ್ತರಾದವರು ಬೇರೆಡೆಗೆ ಹೋಗಬಹುದಲ್ಲ? ಅದೂ ಸುಲಭವಲ್ಲ. 2017ರ ನಿಯಮದ ಪ್ರಕಾರ ಕಮಾಂಡರ್ ರಾಜೀನಾಮೆ ನೀಡಿ 12 ತಿಂಗಳು, ಸಹ ಪೈಲಟ್ 6 ತಿಂಗಳು ದುಡಿದ ಮೇಲೆಯೇ ಬಿಡುಗಡೆ. ಬೇರಾವ ವೃತ್ತಿಯಲ್ಲೂ ಇಷ್ಟು ದೀರ್ಘ ನೋಟಿಸ್ ಅವಧಿ ಕಾಣುವುದು ಅಪರೂಪ. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟಾಗ ಆಕಾಸ ಏರ್ ನ್ಯಾಯಾಲಯದ ಮೊರೆ ಹೋಯಿತು. ಸಂಸ್ಥೆಯ ವಾದದಲ್ಲಿ ಹುರುಳಿಲ್ಲದಿಲ್ಲ. ಪೈಲಟ್‌ಗಳು ಏಕಾಏಕಿ ಹೊರಟರೆ ವಿಮಾನ ರದ್ದಾಗುತ್ತದೆ, ಅವರ ತರಬೇತಿಗೆ ಸುರಿದ ಹಣ ನೀರಿಗೆ ಹೋಗುತ್ತದೆ. ಆದರೆ ಉದ್ಯೋಗಿ ವರ್ಷದ ಮುಂಚೆ ಹೇಳಬೇಕು, ಉದ್ಯೋಗದಾತ ಮಾತ್ರ ಒಂದೇ ದಿನದಲ್ಲಿ ಸಂಬಳವಿಲ್ಲದ ರಜೆಗೆ ಕಳುಹಿಸಬಹುದು ಎಂಬುದು ಸಮಾನ ಒಪ್ಪಂದವೆನಿಸುವುದಿಲ್ಲ.

ಪರವಾನಗಿ ಇದೆ, ಕೆಲಸವಿಲ್ಲ

ಈಗ ಎರಡನೆಯ ಪ್ರಶ್ನೆ. ಮುಂದಿನ 15ರಿಂದ 20 ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕು ಎಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವರು 2025ರಲ್ಲಿ ಹೇಳಿದ್ದರು. ಭಾರತೀಯ ಸಂಸ್ಥೆಗಳು ಸಾವಿರಕ್ಕೂ ಹೆಚ್ಚು ವಿಮಾನಗಳಿಗೆ ಬೇಡಿಕೆ ಸಲ್ಲಿಸಿವೆ. ಇಂಡಿಗೋ ಒಂದೇ 2023ರ ಜೂನ್‌ನಲ್ಲಿ 500 ಏರ್‌ಬಸ್ ವಿಮಾನಗಳಿಗೆ ಒಮ್ಮೆಗೇ ಆದೇಶ ನೀಡಿತು. ಇಂಥ ಸುದ್ದಿಗಳನ್ನು ಓದಿದ ಪಾಲಕರು ಮಕ್ಕಳನ್ನು ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಗೋ, ಬೆಳಗಾವಿ, ಕಲಬುರಗಿಯ ಖಾಸಗಿ ಶಾಲೆಗಳಿಗೋ, ವಿದೇಶಕ್ಕೋ ಕಳುಹಿಸಲು ಮುಂದಾಗುತ್ತಾರೆ.

ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಇದಕ್ಕೂ, ಆ ಬಳಿಕ ಏರ್‌ಬಸ್ ಇಲ್ಲವೇ ಬೋಯಿಂಗ್ ಹಾರಿಸಲು ಪಡೆಯಬೇಕಾದ ಪ್ರತ್ಯೇಕ ಅರ್ಹತೆಗೂ ಸೇರಿ ತಗಲುವ ವೆಚ್ಚ 50 ಲಕ್ಷದಿಂದ ಒಂದು ಕೋಟಿ ರೂಪಾಯಿ. ಶೇ 11ರ ಬಡ್ಡಿಯಲ್ಲಿ 10 ವರ್ಷಕ್ಕೆ 50 ಲಕ್ಷ ಸಾಲ ಪಡೆದರೆ ತಿಂಗಳ ಕಂತು ಸುಮಾರು 69,000 ರೂಪಾಯಿ. ಕೆಲಸ ಸಿಕ್ಕಿದರೆ ಕಟ್ಟಬಹುದು. ಸಿಗದಿದ್ದರೆ?

2023ರಲ್ಲಿ ಡಿಜಿಸಿಎ ದಾಖಲೆಯ 1,622 ವಾಣಿಜ್ಯ ಪರವಾನಗಿಗಳನ್ನು ನೀಡಿತು. ಆದರೆ ಸಂಸ್ಥೆಗಳಿಗೆ ನಿಜಕ್ಕೂ ಕೊರತೆ ಇರುವುದು ಕಮಾಂಡರ್‌ಗಳದ್ದು. ಹೊಸಬರು ನೇರವಾಗಿ ಆ ಕುರ್ಚಿಗೆ ಹೋಗುವಂತಿಲ್ಲ. ಅದಕ್ಕೆ ಬೇಕಾದ ಉನ್ನತ ಪರವಾನಗಿಗೇ ಕನಿಷ್ಠ 1,500 ಗಂಟೆಗಳ ಅನುಭವ ಬೇಕು. ವರ್ಷಕ್ಕೆ 1,000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲ. ಸಂಸ್ಥೆಯ ಒಳಗಿನ ಪರೀಕ್ಷೆ, ತರಬೇತಿಗಳೂ ಸೇರಿ ಸಹ ಪೈಲಟ್ ಕಮಾಂಡರ್ ಆಗಲು ಹಲವು ವರ್ಷಗಳು ಬೇಕು. ಕಮಾಂಡರ್ ಇಲ್ಲದೆ ಸಹ ಪೈಲಟ್‌ಗೆ ಹಾರಾಟವಿಲ್ಲ. ಹೊಸಬರಿಗೆ ಕಲಿಸುವವರೂ ಅನುಭವಿ ಕಮಾಂಡರ್‌ಗಳೇ. ಅವರಲ್ಲಿ ಹಲವರು ಕೊಲ್ಲಿಯ ವಿಮಾನಯಾನ ಸಂಸ್ಥೆಗಳ ಕರೆಗೆ ಓಗೊಟ್ಟು ಹೊರಟಾಗ ಇಲ್ಲಿನ ಸರಪಳಿಯೇ ತುಂಡಾಗುತ್ತದೆ. ಒಳಗೆ ಕಮಾಂಡರ್‌ಗಳ ಬರ, ಹೊರಗೆ ಹೊಸಬರ ಸಾಲು ಎಂಬ ವಿಚಿತ್ರ ಸ್ಥಿತಿಯ ಗುಟ್ಟು ಇದು.

ವಿಮಾನವೇ ಬಾರದಿದ್ದರೆ ನೇಮಕವಾದವರೂ ಕಾಯಬೇಕು. 226 ಬೋಯಿಂಗ್ ವಿಮಾನಗಳಿಗೆ ಆದೇಶ ನೀಡಿದ್ದ ಆಕಾಸ ಏರ್‌ಗೆ ಅವು ಸಕಾಲದಲ್ಲಿ ಸಿಗಲಿಲ್ಲ. ಅದರ ನೂರಾರು ಪೈಲಟ್‌ಗಳು 2025ರಲ್ಲಿ ತಿಂಗಳುಗಟ್ಟಲೆ ಹಾರಾಟವಿಲ್ಲದೆ ಕುಳಿತರು. ಹಾರದ ಪೈಲಟ್‌ಗೆ ಭತ್ಯೆಯೂ ಇಲ್ಲ, ಅನುಭವದ ಗಂಟೆಗಳೂ ಇಲ್ಲ.

ಸಂಸ್ಥೆಯೇ ಮುಚ್ಚಿಹೋದರೆ ಪರಿಸ್ಥಿತಿ ಇನ್ನೂ ಕಷ್ಟ. ಏರ್ ಡೆಕ್ಕನ್ ಅನ್ನು ನುಂಗಿದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡು ನೆಲಕಚ್ಚಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಗೋಏರ್ ಹೆಸರು ಬದಲಿಸಿಕೊಂಡ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 2025ರ ಜನವರಿಯಲ್ಲಿ ಅದರ ಆಸ್ತಿ ಮಾರಾಟಕ್ಕೆ ಆದೇಶವಾಯಿತು. ಹೊಸ ಸಂಸ್ಥೆ ಸೇರುವ ಪೈಲಟ್ ಸಾಮಾನ್ಯವಾಗಿ ಹಿರಿತನದ ಪಟ್ಟಿಯ ತುದಿಯಲ್ಲಿ ನಿಲ್ಲಬೇಕು. ಬೋಯಿಂಗ್ ಹಾರಿಸುತ್ತಿದ್ದವರು ಏರ್‌ಬಸ್‌ಗೆ ಹೋದರೆ ಮತ್ತೆ ತರಬೇತಿ.

ಇನ್ನೊಂದು ಮಗ್ಗುಲು

ಇಷ್ಟೆಲ್ಲ ಇದ್ದರೂ ಅಗ್ಗದ ದರದ ಸಂಸ್ಥೆಗಳು ಪೈಲಟ್‌ಗಳಿಗೆ ಮಾಡಿರುವ ಉಪಕಾರ ಸಣ್ಣದಲ್ಲ. 2003ಕ್ಕೆ ಮೊದಲು ವಿಮಾನ ಹಾರಿಸುವ ಕನಸು ಬೆರಳೆಣಿಕೆಯ ಕುಟುಂಬಗಳಿಗೆ ಸೀಮಿತವಾಗಿತ್ತು. ಹೆಚ್ಚು ಹಾರಾಟವೆಂದರೆ ಹೆಚ್ಚು ಅನುಭವ, ಬೇಗ ಬಡ್ತಿ. ಹಳೆಯ ಸಂಸ್ಥೆಗಳಲ್ಲಿ ದಶಕ ಕಾಯಬೇಕಾಗಿದ್ದ ಕಮಾಂಡರ್ ಹುದ್ದೆ ಇಲ್ಲಿ ಅದರ ಅರ್ಧ ಕಾಲದಲ್ಲಿ ಸಿಕ್ಕ ನಿದರ್ಶನಗಳಿವೆ. ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಹಿಳೆಯರು. ಜಾಗತಿಕ ಸರಾಸರಿಗಿಂತ ಇದು ಸುಮಾರು ಮೂರು ಪಟ್ಟು. ಟಿಕೆಟ್ ದರ ಏರಿದರೆ ಪ್ರಯಾಣಿಕರು ರೈಲಿಗೆ ಮರಳುತ್ತಾರೆ, ಆಗ ಪೈಲಟ್ ಕೆಲಸಗಳೂ ಕಡಿಮೆಯಾಗುತ್ತವೆ ಎಂಬ ಸಂಸ್ಥೆಗಳ ವಾದವನ್ನು ಕಡೆಗಣಿಸಲಾಗದು.

ಆದರೆ ಬಿಗಿ ಲೆಕ್ಕಾಚಾರ ಒಂದು ಹಂತ ಮೀರಿದರೆ ಸಂಸ್ಥೆಗೇ ತಿರುಗುಬಾಣವಾಗುತ್ತದೆ. ಯೂರೋಪಿನ ಅಗ್ಗದ ದರದ ದೊಡ್ಡ ಸಂಸ್ಥೆ ರಯಾನ್‌ಏರ್ 2017ರಲ್ಲಿ ಪೈಲಟ್‌ಗಳ ರಜೆಯ ಲೆಕ್ಕ ತಪ್ಪಿ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಪೈಲಟ್ ಸಂಘಟನೆಗಳ ಜತೆ ಮಾತೇ ಇಲ್ಲ ಎಂದು ದಶಕಗಳ ಕಾಲ ಹಟ ಹಿಡಿದಿದ್ದ ಆ ಸಂಸ್ಥೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅವುಗಳಿಗೆ ಮಾನ್ಯತೆ ನೀಡಲು ಒಪ್ಪಿತು. ಅದರ ಟಿಕೆಟ್ ಅಗ್ಗವಾಗಿಯೇ ಉಳಿಯಿತು, ಸಂಸ್ಥೆಯೂ ಬೆಳೆಯಿತು. ಪೈಲಟ್‌ಗಳಿಗೆ ಮಾತಿನ ಹಕ್ಕು ಕೊಟ್ಟರೆ ಅಗ್ಗದ ವಿಮಾನಯಾನ ಸಾಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮುಂದೇನು?

ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ವಿಶ್ರಾಂತಿಯ ನಿಯಮವನ್ನು ಬಿಕ್ಕಟ್ಟು ಬಂದಾಗಲೆಲ್ಲ ಸಡಿಲಿಸುವ ಚಾಳಿ ನಿಲ್ಲಬೇಕು. ಸಂಸ್ಥೆ ತನ್ನಲ್ಲಿರುವ ಕಮಾಂಡರ್‌ಗಳ ಸಂಖ್ಯೆಗೆ ತಕ್ಕಷ್ಟೇ ಹಾರಾಟಗಳಿಗೆ ಅನುಮತಿ ಪಡೆಯುವಂತಾಗಬೇಕು. ಟಿಕೆಟ್ ಮಾರಿದ ಮೇಲೆ ಪೈಲಟ್‌ಗಳನ್ನು ಹುಡುಕುವುದಲ್ಲ. ನೋಟಿಸ್ ಅವಧಿ ಇಬ್ಬರಿಗೂ ಅನ್ವಯವಾಗಬೇಕು. ದಣಿದಿದ್ದೇನೆ ಎಂದು ಹೇಳುವ ಪೈಲಟ್‌ಗೆ ಆ ದಿನದ ಭತ್ಯೆ ತಪ್ಪಬಾರದು. ಪ್ರತಿ ವರ್ಷ ಎಷ್ಟು ಮಂದಿ ಪರವಾನಗಿ ಪಡೆದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಎರಡೂ ಅಂಕಿಗಳನ್ನು ಸರ್ಕಾರ ಒಟ್ಟಿಗೆ ಪ್ರಕಟಿಸಬೇಕು. ಮನೆ, ಹೊಲ ಅಡವಿಟ್ಟು ಮಗಳನ್ನು ತರಬೇತಿಗೆ ಕಳುಹಿಸುವ ಪಾಲಕರಿಗೆ 30,000 ಪೈಲಟ್‌ಗಳು ಬೇಕೆಂಬ ಭರವಸೆಗಿಂತ ಈ ಲೆಕ್ಕ ಹೆಚ್ಚು ಉಪಯುಕ್ತ.

ಪ್ರಯಾಣಿಕರ ಪಾಲೂ ಇದರಲ್ಲಿದೆ. ಅಗ್ಗದ ಟಿಕೆಟ್ ಬೇಕೆಂದು ಕೇಳುವುದು ಅವರ ಹಕ್ಕು. ಆದರೆ ನಸುಕಿನ ವಿಮಾನ ಏರಿ ಸೀಟ್ ಬೆಲ್ಟ್ ಬಿಗಿದು ಕಣ್ಣು ಮುಚ್ಚುವಾಗ, ಮುಂದಿನ ಬಾಗಿಲ ಆಚೆ ಕುಳಿತವರು ರಾತ್ರಿ ನಿದ್ದೆ ಮಾಡಿ ಬಂದಿದ್ದಾರೆಯೇ ಎಂದು ಕೇಳುವ ಹಕ್ಕೂ ಅವರಿಗಿದೆ. ಮುಂದಿನ ಬಾರಿ ವಿಶ್ರಾಂತಿ ನಿಯಮ ಸಡಿಲಿಸುವ ಪ್ರಸ್ತಾವ ಬಂದಾಗ ಆ ಪ್ರಶ್ನೆ ಪೈಲಟ್ ಸಂಘಟನೆಗಳಿಂದ ಮಾತ್ರವಲ್ಲ, ಪ್ರಯಾಣಿಕರಿಂದಲೂ ಏಳಬೇಕು.